ಮಕ್ಕಳ ಓಪಿಯಲ್ಲಿ ಕೆಲಸ ಮಾಡುವವರಿಗೆ ಕೇಳಿಸಿಕೊಳ್ಳುವುದನ್ನು ಕಲಿಸಬೇಕು. ಹೇಗೆ?

ಬದಿಯಡ್ಕ ಸಿಸ್ಟರ್:

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ ಆಯ್ತು, ಅದರಲ್ಲಿ ಒಂಬತ್ತು ವರ್ಷ ಮಕ್ಕಳ ಓಪಿಯಲ್ಲೇ, ಅಂದರೆ ಹೊರರೋಗಿ ವಿಭಾಗದಲ್ಲಿ. ನಿಮ್ಮಿಂದ ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಕಳೆದ ತಿಂಗಳು ಆರು ವರ್ಷದ ಒಬ್ಬ ಹುಡುಗ ಹೊಟ್ಟೆನೋವು ಅಂತ ಬಂದ. ಎರಡು ವಾರದಲ್ಲಿ ಮೂರು ಸಲ. ಜೊತೆಗೆ ಅಜ್ಜಿ. ಮನೆಮಾತು ತುಳು, ಶಾಲೆ ಕನ್ನಡ ಮೀಡಿಯಂ. ನಮ್ಮ ಡಾಕ್ಟ್ರು ತೆಂಕು ಜಿಲ್ಲೆಯವರು, ಮಕ್ಕಳೆಂದರೆ ಪ್ರೀತಿ ಇರುವವರು, ಆದರೆ ಮಲಯಾಳ ಬಿಟ್ಟರೆ ಬೇರೆ ಬರುವುದಿಲ್ಲ. "ವಯರ್ ವೇದನ ಉಂಡೋ ಮೋನೇ?" ಅಂತ ಕೇಳಿದರು. ಹುಡುಗ ಗೋಡೆಯಲ್ಲಿದ್ದ ಫ್ಯಾನಿನ ವಯರ್ ನೋಡಿದ, ಡಾಕ್ಟ್ರ ಮುಖ ನೋಡಿದ, ಆಮೇಲೆ ಹೌದು ಅಂತ ತಲೆ ಆಡಿಸಿದ. ಅವನಿಗೆ ವಯರ್ ಅಂದರೆ ಕರೆಂಟಿನ ವಯರ್. ಮಲಯಾಳದಲ್ಲಿ ಅದು ಹೊಟ್ಟೆ ಅಂತ ಅವನಿಗೆ ಗೊತ್ತಿರಲಿಲ್ಲ. ದೊಡ್ಡವರು ಏನೋ ಕೇಳಿದರು, ಹೌದು ಅಂದರೆ ಬೇಗ ಬಿಡುತ್ತಾರೆ ಅಂತ ತಲೆ ಆಡಿಸಿದ್ದು.

ಮೊದಲ ಸಲ ಹುಳದ ಮದ್ದು ಕೊಟ್ಟೆವು, ಜೊತೆಗೆ ಗ್ಯಾಸಿಗೆ ಒಂದು ಸಿರಪ್. ಎರಡನೇ ಸಲ ಸ್ಕ್ಯಾನಿಂಗ್. ಏನೂ ಸಿಗಲಿಲ್ಲ. ಮೂರನೇ ಸಲ ಬಂದಾಗ ನಾನು ಅವನ ತೂಕ ನೋಡುತ್ತಿದ್ದೆ, ಅಜ್ಜಿ ಬೆಂಚಿನಲ್ಲಿ ಕೂತು ತನ್ನಷ್ಟಕ್ಕೇ ಹೇಳಿಕೊಂಡ ಹಾಗೆ ಹೇಳಿದರು, "ಆಯೆ ಶಾಲೆಡ್ ಕಕ್ಕುಸುಗು ಪೋಪುಜೆ." ಅವನು ಶಾಲೆಯಲ್ಲಿ ಕಕ್ಕಸಿಗೆ ಹೋಗುವುದಿಲ್ಲ. ನಾನು ತೂಕದ ಯಂತ್ರ ಬಿಟ್ಟು ಅವರ ಪಕ್ಕ ಹೋಗಿ ಕೂತೆ. ಶಾಲೆಯ ಕಕ್ಕಸಿನ ಬಾಗಿಲಿಗೆ ಚಿಲಕ ಇಲ್ಲವಂತೆ, ದೊಡ್ಡ ಮಕ್ಕಳು ನೂಕಿ ನಗುತ್ತಾರಂತೆ. ಬೆಳಿಗ್ಗೆ ಹೊರಟರೆ ಸಂಜೆ ಮನೆ ತಲುಪುವವರೆಗೆ ಅವನು ಬಿಗಿ ಹಿಡಿದುಕೊಂಡೇ ಇರುವುದು. ಹಾಗೆ ಹಿಡಿದು ಹಿಡಿದು ಮಲ ಗಟ್ಟಿಯಾಗಿ, ಹೋಗುವಾಗ ನೋವಾಗಿ, ಆ ನೋವಿನ ಹೆದರಿಕೆಗೆ ಮತ್ತೆ ಹಿಡಿದು, ಆಗ ನಾಲ್ಕು ದಿನ ಆಗಿತ್ತು ಹೋಗದೆ.

ಅಜ್ಜಿ ಇದನ್ನು ಮೊದಲ ದಿನವೇ ಹೇಳಿದ್ದರಂತೆ. ಎರಡನೇ ಸಲವೂ ಹೇಳಿದ್ದರಂತೆ. ಆ ಎರಡೂ ದಿನ ಅದೇ ರೂಮಿನಲ್ಲಿ ನಾನಿದ್ದೆ. ನನಗೆ ತುಳು ಚೆನ್ನಾಗಿ ಬರುತ್ತದೆ.

ಡಾಕ್ಟ್ರಿಗೂ ಇದು ಮನಸ್ಸಿಗೆ ತಾಗಿತು. ಎರಡು ಶನಿವಾರ ಮಧ್ಯಾಹ್ನ ಎರಡೆರಡು ಗಂಟೆ ಬಿಡುವು ಮಾಡಿಕೊಟ್ಟು, ಎಲ್ಲರಿಗೂ ಒಂದು ಟ್ರೈನಿಂಗ್ ಮಾಡಿ ಸಿಸ್ಟರ್ ಅಂತ ನನಗೇ ಹೇಳಿದ್ದಾರೆ. ಒಟ್ಟು ಹನ್ನೊಂದು ಜನ. ಇಬ್ಬರು ಡಾಕ್ಟ್ರು, ಐದು ಸಿಸ್ಟರ್‌ಗಳು, ಫಿಸಿಯೋ, ಫಾರ್ಮಸಿಯವರು, ಲ್ಯಾಬಿನ ಹುಡುಗಿ, ಚೀಟಿ ಕೌಂಟರಿನ ಅಣ್ಣ. ಪಿಪಿಟಿ ಮಾಡಿ ಓದಿ ಹೇಳಿದರೆ ಎಲ್ಲರೂ ಫೋನ್ ನೋಡುತ್ತಾ ಕೂರುತ್ತಾರೆ. "ನಮಗೆ ಕೇಳಿಸಿಕೊಳ್ಳಲು ಬರುವುದಿಲ್ಲವಾ" ಅಂತ ಬೇಸರ ಮಾಡಿಕೊಳ್ಳುವವರೂ ಇದ್ದಾರೆ. ನಾನು ನರ್ಸ್, ಡಾಕ್ಟ್ರಿಗೆ ಕಲಿಸುವುದು ಹೇಗೆ ಎಂಬ ಅಳುಕು ಬೇರೆ. ಮತ್ತೆ ನಮ್ಮಲ್ಲಿ ಭಾಷೆಯ ವಿಷಯ ನಿಮಗೆ ಗೊತ್ತೇ ಇದೆ. ತುಳು, ಕನ್ನಡ, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ, ಒಂದೇ ಬೆಂಚಿನಲ್ಲಿ ಎಲ್ಲ ಇರುತ್ತದೆ. ಎಲ್ಲಿಂದ ಶುರು ಮಾಡಲಿ?

---

ಕುಂಬಳೆ, ನಿವೃತ್ತ ಮಕ್ಕಳ ಡಾಕ್ಟರ್:

ಸಿಸ್ಟರ್, ಆ ರೂಮಿನಲ್ಲಿ ನಾನೂ ಇದ್ದೆ ಅಂತ ಬರೆದಿದ್ದೀರಲ್ಲ, ಅದನ್ನೇ ಮೊದಲ ಶನಿವಾರ ಎಲ್ಲರ ಎದುರು ಹೇಳಿ. ಯಾರಿಗೂ ಬೇಸರ ಆಗುವುದಿಲ್ಲ. ನೀವು ಅವರಿಗೆ ಪಾಠ ಮಾಡುತ್ತಿಲ್ಲ, ಜೊತೆಗೆ ಕೂತು ಕಲಿಯುತ್ತಿದ್ದೀರಿ ಅಂತ ಅವರಿಗೆ ಅಲ್ಲೇ ಗೊತ್ತಾಗುತ್ತದೆ.

ನಾನು ಬಹಳ ವರ್ಷ ಮಂಗಳೂರು ಕಡೆ ಮೆಡಿಕಲ್ ವಿದ್ಯಾರ್ಥಿಗಳಿಗೆ ಪಾಠ ಮಾಡಿದವನು. ನಾವು ಓದುವಾಗ ಈ ವಿಷಯವೇ ಇರಲಿಲ್ಲ. ಹಿಸ್ಟರಿ ತೆಗೆಯುವುದು, ಅಂದರೆ ರೋಗಿಯ ಕಾಯಿಲೆಯ ವಿವರ ಕೇಳುವುದು, ಪ್ರಶ್ನೆಗಳ ಒಂದು ಪಟ್ಟಿ, ಅಷ್ಟೇ. ಈಗ 2019ರ ಬ್ಯಾಚಿನಿಂದ ಎಂಬಿಬಿಎಸ್ ಪಠ್ಯದಲ್ಲಿ ಏಟ್‌ಕಾಮ್ ಅಂತ ಒಂದು ಭಾಗ ಸೇರಿದೆ, ನಡವಳಿಕೆ, ನೀತಿ, ಮಾತುಕತೆ ಇವನ್ನೆಲ್ಲ ಅದರಲ್ಲಿ ಕಲಿಸಬೇಕು. ಅದಕ್ಕಿಂತ ಮೊದಲು ಓದಿ ಬಂದವರೇ ಇವತ್ತು ಹೆಚ್ಚಿನ ಓಪಿಗಳಲ್ಲಿ ಕೂತಿರುವುದು. ಅವರದು ತಪ್ಪು ಅಂತ ನಾನು ಹೇಳುವುದಿಲ್ಲ. ಯಾರೂ ಕಲಿಸಲಿಲ್ಲ.

ಇದು ನಮ್ಮೂರಿನ ತೊಂದರೆ ಮಾತ್ರ ಅಂತಲೂ ತಿಳಿಯಬೇಡಿ. 1968ರಲ್ಲಿ ಬಾರ್ಬರಾ ಕೋರ್ಷ್ ಎಂಬ ಮಕ್ಕಳ ವೈದ್ಯೆ ಲಾಸ್ ಏಂಜಲೀಸಿನ ಮಕ್ಕಳ ಆಸ್ಪತ್ರೆಯಲ್ಲಿ 800 ಭೇಟಿಗಳನ್ನು ಟೇಪ್ ಮಾಡಿ ಪರೀಕ್ಷಿಸಿದರು. ಡಾಕ್ಟರ ರೂಮಿನಿಂದ ಹೊರಗೆ ಬಂದ ತಾಯಂದಿರನ್ನು ಮಾತಾಡಿಸಿದರೆ, ಸುಮಾರು ಕಾಲು ಭಾಗದಷ್ಟು ಮಂದಿ ತಮ್ಮ ಮನಸ್ಸಿನಲ್ಲಿದ್ದ ದೊಡ್ಡ ಚಿಂತೆಯನ್ನು ಡಾಕ್ಟರಿಗೆ ಹೇಳಿಯೇ ಇರಲಿಲ್ಲ. ಹೇಳಲು ಜಾಗ ಸಿಗಲಿಲ್ಲ, ಅಥವಾ ಯಾರೂ ಕೇಳಲಿಲ್ಲ. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕಲ್ ಎಂಬವರು ದೊಡ್ಡವರ ಓಪಿಯಲ್ಲಿ ಅಳತೆ ಮಾಡಿದರು. ರೋಗಿ ಬಾಯಿ ತೆರೆದ ಮೇಲೆ ಡಾಕ್ಟರು ನಡುವೆ ಬಾಯಿ ಹಾಕುವುದಕ್ಕೆ ಸರಾಸರಿ 18 ಸೆಕೆಂಡ್.

ನಿಮ್ಮ ಟ್ರೈನಿಂಗಿಗೆ ಪಿಪಿಟಿ ಬೇಡವೇ ಬೇಡ. ಒಂದು ಫೋನು ಸಾಕು. ನೀವೇ ಅಜ್ಜಿಯಾಗಿ. ಡಾಕ್ಟ್ರು ಡಾಕ್ಟ್ರೇ ಆಗಲಿ. ಐದು ನಿಮಿಷ ಓಪಿ ನಡೆಸಿ, ರೆಕಾರ್ಡ್ ಮಾಡಿ, ಎಲ್ಲರೂ ಕೂತು ಕೇಳಿ. ಹೀಗೆ ಒಬ್ಬರಿಗೆ ರೋಗಿಯ ಪಾತ್ರ ಕೊಟ್ಟು ಡಾಕ್ಟರಿಗೆ ಕಲಿಸುವ ಕ್ರಮವನ್ನು 1963ರಲ್ಲಿ ಹೋವರ್ಡ್ ಬ್ಯಾರೋಸ್ ಎಂಬ ನರರೋಗ ವೈದ್ಯರು ಶುರು ಮಾಡಿದ್ದು, ಈಗ ಎಲ್ಲ ಕಡೆ ಇದೆ. ತನ್ನ ಧ್ವನಿಯನ್ನು ತಾನೇ ಕೇಳಿದಾಗ ಮನುಷ್ಯನಿಗೆ ತಿಳಿಯುವಷ್ಟು ಬೇರೆ ಯಾರು ಹೇಳಿದರೂ ತಿಳಿಯುವುದಿಲ್ಲ. ನನ್ನ ಒಂದು ರೆಕಾರ್ಡ್ ನಾನು ಐವತ್ತೆರಡನೇ ವಯಸ್ಸಿನಲ್ಲಿ ಮೊದಲ ಬಾರಿ ಕೇಳಿದೆ. ಒಬ್ಬ ತಾಯಿ "ಇನ್ನೊಂದು ವಿಷಯ ಡಾಕ್ಟ್ರೇ" ಅಂತ ಮೂರು ಸಲ ಶುರು ಮಾಡಿದ್ದಾರೆ. ಮೂರು ಸಲವೂ ನಾನು ಮದ್ದಿನ ಲೆಕ್ಕ ಹೇಳುತ್ತಾ ಮುಂದೆ ಹೋಗಿದ್ದೇನೆ. ಆ ಇನ್ನೊಂದು ವಿಷಯ ಎಂತದ್ದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಮಕ್ಕಳ ಓಪಿಯಲ್ಲಿ ಇನ್ನೂ ಒಂದು ಇದೆ. ರೂಮಿನಲ್ಲಿ ಮೂರು ಜನ ಇರುತ್ತಾರೆ, ಮಾತಾಡುವುದು ಇಬ್ಬರು. ಕಾಯಿಲೆ ಇರುವುದು ಮೂರನೆಯವರಿಗೆ. ಹಾಗಾಗಿ ಅಭ್ಯಾಸ ಮಾಡುವಾಗ ಮಗುವಿನ ಪಾತ್ರಕ್ಕೂ ಒಬ್ಬರನ್ನು ಕೂರಿಸಿ. ಅವರ ಕಡೆ ಡಾಕ್ಟ್ರು ಎಷ್ಟು ಸಲ ತಿರುಗಿದರು ಅಂತ ಎಣಿಸಲು ಇನ್ನೊಬ್ಬರಿಗೆ ಹೇಳಿ.

---

ಉಪ್ಪಳ ಡಾಕ್ಟರ್:

ಸರ್ ಹೇಳಿದ್ದು ಸರಿ, ಆದರೆ ನಾನು ನೇರವಾಗಿ ಹೇಳುತ್ತೇನೆ. ನನ್ನ ಓಪಿಯಲ್ಲಿ ಮಳೆಗಾಲ ಶುರುವಾದರೆ ಒಂದು ಹೊತ್ತಿಗೆ ಎಂಬತ್ತು, ತೊಂಬತ್ತು ಮಕ್ಕಳು. ಹೊರಗೆ ಅಳು, ಕೌಂಟರಿನಲ್ಲಿ ಜಗಳ. ಒಂದು ಮಗುವಿಗೆ ಮೂರು ನಿಮಿಷ ಸಿಕ್ಕಿದರೆ ಜಾಸ್ತಿ. ಟ್ರೈನಿಂಗ್ ಕೊಟ್ಟು ಏನು ಪ್ರಯೋಜನ, ಇನ್ನೊಬ್ಬ ಡಾಕ್ಟರನ್ನು ಕೊಡಿ. ಸುಮ್ನೆ ಎಲ್ಲ ಭಾರ ಕೂತಿರುವವನ ತಲೆ ಮೇಲೆ ಹಾಕುವುದು ನನಗೆ ಒಪ್ಪಿಗೆ ಆಗುವುದಿಲ್ಲ.

---

ಕುಂಬಳೆ, ನಿವೃತ್ತ ಮಕ್ಕಳ ಡಾಕ್ಟರ್:

ಡಾಕ್ಟ್ರೇ, ಇನ್ನೊಬ್ಬರು ಬೇಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಕೇಳಿ, ಜೋರಾಗಿಯೇ ಕೇಳಿ, ನಾನೂ ನಿಮ್ಮ ಜೊತೆ ಇದ್ದೇನೆ. ಆದರೆ ಕೇಳಿಸಿಕೊಂಡರೆ ಹೊತ್ತು ಹೋಗುತ್ತದೆ ಅನ್ನುವುದು ಮಾತ್ರ ಅಳತೆಗೆ ನಿಂತಿಲ್ಲ. 1999ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಫ್ಯಾಮಿಲಿ ಡಾಕ್ಟರುಗಳ ಓಪಿಯಲ್ಲಿ ನೋಡಿದಾಗ, ಹೇಳಲು ಬಿಟ್ಟ ರೋಗಿಗಳು ನಡುವೆ ತಡೆಸಿಕೊಂಡವರಿಗಿಂತ ಸರಾಸರಿ 6 ಸೆಕೆಂಡ್ ಮಾತ್ರ ಹೆಚ್ಚು ತೆಗೆದುಕೊಂಡಿದ್ದರು. ಸ್ವಿಟ್ಜರ್ಲೆಂಡಿನಲ್ಲಿ 2002ರಲ್ಲಿ 335 ರೋಗಿಗಳನ್ನು ಅವರಾಗಿ ನಿಲ್ಲಿಸುವವರೆಗೆ ಮಾತಾಡಲು ಬಿಟ್ಟರು. ಸರಾಸರಿ 92 ಸೆಕೆಂಡ್. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ಮುಗಿಸಿದರು. ಐದು ನಿಮಿಷ ಮೀರಿದವರು ಏಳೇ ಜನ, ಅವರು ಹೇಳಿದ್ದೂ ಬೇಕಾದ ವಿಷಯವೇ ಅಂತ ಡಾಕ್ಟರುಗಳೇ ಹೇಳಿದರು. ಇವೆಲ್ಲ ದೊಡ್ಡವರ ಓಪಿಯ ಲೆಕ್ಕ, ಮಕ್ಕಳದ್ದು ಸ್ವಲ್ಪ ಬೇರೆ ಇರಬಹುದು. ಆದರೆ ಸಿಸ್ಟರ್ ಹೇಳಿದ ಆ ಹುಡುಗನ ಲೆಕ್ಕ ನೋಡಿ. ಮೂರು ಓಪಿ, ಒಂದು ಸ್ಕ್ಯಾನಿಂಗ್, ಎರಡು ಮದ್ದು. ಅಜ್ಜಿಯ ಮಾತು ಐದು ಸೆಕೆಂಡ್ ಇರಲಿಲ್ಲ.

---

ಎಣ್ಮಕಜೆಯ ಅಮ್ಮ:

ನಾನು ಡಾಕ್ಟ್ರೂ ಅಲ್ಲ, ಸಿಸ್ಟರೂ ಅಲ್ಲ. ನನಗೆ ಹತ್ತೊಂಬತ್ತು ವರ್ಷದ ಮಗಳಿದ್ದಾಳೆ. ಮಾತು ಬರುವುದಿಲ್ಲ, ನಡೆಯಲು ಆಗುವುದಿಲ್ಲ. ನಮ್ಮ ಊರಿನ ಹೆಸರು ಹೇಳಿದರೆ ಎಲ್ಲರಿಗೂ ಎಂಡೋಸಲ್ಫಾನ್ ಎಂಬ ಕೀಟನಾಶಕ ನೆನಪಾಗುತ್ತದೆ. ಗೇರು ಗುಡ್ಡೆಗಳಿಗೆ ಹೆಲಿಕಾಪ್ಟರಿನಲ್ಲಿ ಮದ್ದು ಬಿಡುತ್ತಿದ್ದದ್ದನ್ನು ನಾನು ಶಾಲೆಗೆ ಹೋಗುವಾಗ ನೋಡಿದ್ದೇನೆ, ಅದು ನಿಂತದ್ದು 2000ದ ಹೊತ್ತಿಗೆ. ನಮ್ಮ ಪಡ್ರೆಯಲ್ಲಿ ಡಾ. ಮೋಹನ್ ಕುಮಾರ್ ಅವರು ಕ್ಲಿನಿಕ್ಕಿಗೆ ಬಂದವರ ಮಾತು ಕೇಳುತ್ತಾ, ಮನೆ ಮನೆಯ ಕಥೆ ಕೂಡಿಸುತ್ತಾ, ಇಲ್ಲಿ ಏನೋ ಆಗುತ್ತಿದೆ ಅಂತ 1990ರ ದಶಕದಲ್ಲೇ ಬರೆದರು. ಒಬ್ಬ ಡಾಕ್ಟ್ರು ಕಿವಿ ಕೊಟ್ಟರೆ ಎಷ್ಟು ದೂರ ಹೋಗುತ್ತದೆ ಅಂತ ನಮ್ಮ ಊರಿನವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಆದರೆ ಆಮೇಲೆ ನಾವು ನೋಡಿದ ಕ್ಯಾಂಪುಗಳು ಬೇರೆ ತರಹ. ಮಗಳನ್ನು ಎತ್ತಿಕೊಂಡು ಹೋಗಿ ಸಾಲಿನಲ್ಲಿ ಕೂರುವುದು, ಫೈಲು ಕೊಡುವುದು. ಫೈಲು ನೋಡುತ್ತಾರೆ, ನನ್ನನ್ನು ನೋಡುತ್ತಾರೆ, ಅವಳನ್ನು ನೋಡುವುದಿಲ್ಲ. "ಎಷ್ಟು ವರ್ಷದಿಂದ ಹೀಗಿದೆ?" ಅಂತ ಅವಳ ಎದುರೇ ಕೇಳುತ್ತಾರೆ. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ನಾನು ಅಳುವುದು ಬಾಗಿಲಿನ ಆಚೆಯಿಂದಲೂ ಅವಳಿಗೆ ಗೊತ್ತಾಗುತ್ತದೆ.

ಒಂದು ಸಲ ಅವಳಿಗೆ ರಾತ್ರಿಯಿಂದ ಏನೋ ನೋವು. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳಿಗೆ ನೋವಾದರೆ ಅಳುವುದಿಲ್ಲ. ಬಲಗಾಲಿನ ಹೆಬ್ಬೆರಳು ಒಳಗೆ ಮಡಚುತ್ತದೆ, ಮತ್ತೆ ಉಸಿರು ಬಿಡುವಾಗ ಗಂಟಲಲ್ಲಿ ಪಾರಿವಾಳದ ಹಾಗೆ ಒಂದು ಸದ್ದು ಬರುತ್ತದೆ. ನಾನು ಅದನ್ನು ಹೇಳಿದೆ. "ಇಂಥ ಮಕ್ಕಳು ಹಾಗೆ ಮಾಡುತ್ತಾರೆ ಅಮ್ಮಾ" ಅಂತ ಹೇಳಿ ಕಳಿಸಿದರು. ಮರುದಿನ ಬೇರೆ ಕಡೆ ಕರೆದುಕೊಂಡು ಹೋದರೆ ಕಿವಿಯೊಳಗೆ ಕೀವು ತುಂಬಿತ್ತು.

ಈಗ ಬರುವ ಫಿಸಿಯೋ ಮೇಡಂ ಬೇರೆ ಥರ. ಬಂದ ಕೂಡಲೇ ಅವಳ ಹತ್ತಿರ ನೆಲದಲ್ಲಿ ಕೂರುತ್ತಾರೆ. "ಈಗ ನಿನ್ನ ಎಡಗಾಲು ಎತ್ತುತ್ತೇನೆ, ತಣ್ಣಗಿದೆ ನನ್ನ ಕೈ, ಸ್ವಲ್ಪ ತಡಿ" ಅಂತ ಹೇಳಿ ಕೈ ಉಜ್ಜಿಕೊಂಡು ಆಮೇಲೆ ಮುಟ್ಟುತ್ತಾರೆ. ಹೇಳಿ ಸ್ವಲ್ಪ ಹೊತ್ತು ಕಾಯುತ್ತಾರೆ. ಕಾಯುವಾಗ ಅವಳ ಮುಖ ನೋಡುತ್ತಾರೆ. ಅಷ್ಟು ಮಾಡಿದರೆ ನನ್ನ ಮಗಳು ಕಾಲು ಬಿಗಿ ಹಿಡಿಯುವುದಿಲ್ಲ. ಸಿಸ್ಟರ್, ನಿಮ್ಮ ಟ್ರೈನಿಂಗಿನಲ್ಲಿ ಮಾತು ಬಾರದ ಮಕ್ಕಳನ್ನು ದಯವಿಟ್ಟು ಬಿಡಬೇಡಿ. ಆಗುವುದಿದ್ದರೆ ನನ್ನಂಥ ಒಬ್ಬ ತಾಯಿಯನ್ನೇ ಕರೆಯಿರಿ, ಹದಿನೈದು ನಿಮಿಷ ಮಾತಾಡಲು ಬಿಡಿ. ಬಸ್ಸಿನ ಖರ್ಚು ಏನೂ ಬೇಡ.

---

ಕುಂಬಳೆ, ನಿವೃತ್ತ ಮಕ್ಕಳ ಡಾಕ್ಟರ್:

ಅಮ್ಮಾ, ನೀವು ಹೇಳಿದ ಹೆಬ್ಬೆರಳು, ಗಂಟಲಿನ ಸದ್ದು, ಇವು ವೈದ್ಯಕೀಯವಾಗಿಯೇ ಬೆಲೆ ಇರುವ ಮಾತುಗಳು. ಮಾತು ಬಾರದ ಮಕ್ಕಳ ನೋವು ಅಳೆಯಲು ಫ್ಲಾಕ್ ಅಂತ ಒಂದು ಸ್ಕೇಲ್ ಇದೆ, ಅಮೆರಿಕದ ಮಿಶಿಗನ್‌ನಲ್ಲಿ 1997ರಲ್ಲಿ ಮಾಡಿದ್ದು. ಮುಖ, ಕಾಲು, ಚಲನೆ, ಅಳು, ಸಮಾಧಾನ ಮಾಡಿದರೆ ಸುಮ್ಮನಾಗುತ್ತದಾ, ಈ ಐದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಆಮೇಲೆ ಬುದ್ಧಿ ಬೆಳವಣಿಗೆ ಕಡಿಮೆ ಇರುವ ಮಕ್ಕಳಿಗಾಗಿ ಅದನ್ನು ತಿದ್ದಿದರು. ತಿದ್ದಿದ್ದರಲ್ಲಿ ಮುಖ್ಯವಾದದ್ದು ಏನು ಗೊತ್ತಾ, ನಿಮ್ಮ ಮಗು ನೋವಾದರೆ ಏನು ಮಾಡುತ್ತದೆ ಅಂತ ತಾಯಿಯನ್ನೇ ಕೇಳಿ ಆ ಸ್ಕೇಲಿನಲ್ಲಿ ಬರೆಯುವುದು. ಸಿಸ್ಟರ್, ಇಂಥ ಮಕ್ಕಳ ಚೀಟಿಯ ಮೊದಲ ಪುಟದಲ್ಲೇ ಒಂದು ಗೆರೆ ಬರೆದಿಡಿ. "ನೋವಾದರೆ ಬಲ ಹೆಬ್ಬೆರಳು ಮಡಚುತ್ತಾಳೆ." ರಾತ್ರಿ ಡ್ಯೂಟಿಗೆ ಬಂದ ಹೊಸ ಸಿಸ್ಟರಿಗೂ ಅದು ಕಾಣಬೇಕು.

ತಾಯಿ "ಏನೋ ಸರಿ ಇಲ್ಲ" ಅಂದರೆ ಅದನ್ನು ಜ್ವರದ ಹಾಗೆ, ಉಸಿರಾಟದ ಹಾಗೆ ಒಂದು ಲಕ್ಷಣ ಅಂತಲೇ ಹಿಡಿಯಬೇಕು. ಇಂಗ್ಲೆಂಡಿನಲ್ಲಿ 2021ರಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಸೆಪ್ಸಿಸ್ ಆಗಿ, ಅಂದರೆ ಸೋಂಕು ವಿಪರೀತಕ್ಕೆ ಹೋಗಿ, ತೀರಿಕೊಂಡಳು. ತಂದೆ ತಾಯಿ ಹೇಳಿದ ಆತಂಕಕ್ಕೆ ಬೆಲೆ ಸಿಕ್ಕಿರಲಿಲ್ಲ. ಆ ತಾಯಿ ತಂದೆ ಹೋರಾಡಿದ ಮೇಲೆ 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಮಾರ್ಥಾ ನಿಯಮ ಅಂತ ತಂದರು. ಮನೆಯವರಿಗೆ ಸಮಾಧಾನ ಇಲ್ಲದಿದ್ದರೆ ಬೇರೆ ತಂಡದವರು ಬಂದು ಬೇಗ ನೋಡಬೇಕು ಅಂತ ಕೇಳುವ ಹಕ್ಕು ಅದು. ಸಣ್ಣ ಆಸ್ಪತ್ರೆಯಲ್ಲಿ ಬೇರೆ ತಂಡ ಎಲ್ಲಿಂದ ತರುವುದು. ಆದರೆ ಇನ್ನೊಬ್ಬ ಡಾಕ್ಟ್ರು ಒಮ್ಮೆ ಬಂದು ನೋಡುವುದು ಆಗದ ಕೆಲಸ ಅಲ್ಲ.

---

ಮುಳ್ಳೇರಿಯ ಫೀಲ್ಡ್ ಸಿಸ್ಟರ್:

ಅಕ್ಕ, ನಾನು ಜೆಪಿಎಚ್‌ಎನ್, ಅಂದರೆ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್, ಮನೆ ಮನೆಗೆ ಹೋಗುವ ಕೆಲಸ. ನಮಗೆ ಐಎಂಎನ್‌ಸಿಐ ಅಂತ ಶಿಶುಗಳ, ಸಣ್ಣ ಮಕ್ಕಳ ಕಾಯಿಲೆ ನೋಡಿಕೊಳ್ಳುವ ಟ್ರೈನಿಂಗ್ ಆಗಿತ್ತು, ಡಬ್ಲ್ಯುಎಚ್‌ಒ ಮತ್ತು ಯುನಿಸೆಫ್ ಮಾಡಿದ್ದನ್ನು ನಮ್ಮ ದೇಶಕ್ಕೆ ಹೊಂದಿಸಿದ್ದು. ಅದರಲ್ಲಿ ತಾಯಿಯ ಜೊತೆ ಮಾತಾಡುವ ಕ್ರಮವೇ ಒಂದು ಪಾಠ. ಮೊದಲು ಕೇಳಿ, ಕಿವಿಗೊಡಿ. ಆಮೇಲೆ ಅವಳು ಸರಿಯಾಗಿ ಮಾಡಿದ್ದನ್ನು ಮೆಚ್ಚಿ. ಆಮೇಲೆ ಸಲಹೆ. ಕೊನೆಗೆ ಅರ್ಥ ಆಯಿತಾ ಅಂತ ಪರೀಕ್ಷಿಸಿ. ಆಸ್ಪತ್ರೆಯ ಒಳಗೆ ಇರುವವರು ಸೀದಾ ಮೂರನೆಯದಕ್ಕೆ ಹಾರುತ್ತಾರೆ, ನಾನು ಎಷ್ಟೋ ಸಲ ನೋಡಿದ್ದೇನೆ.

ಕೊನೆಯದಂತೂ ತುಂಬಾ ಮುಖ್ಯ. "ಅರ್ಥ ಆಯ್ತಾ?" ಅಂದರೆ ಎಲ್ಲರೂ "ಆಯ್ತು" ಅನ್ನುತ್ತಾರೆ. ನಮ್ಮ ಕಡೆ ಡಾಕ್ಟ್ರ ಎದುರು ಆಗಲಿಲ್ಲ ಅನ್ನುವುದು ಮರ್ಯಾದೆ ಅಲ್ಲ ಅಂತ ಒಂದು ಭಾವನೆ. ಒಮ್ಮೆ ಒಂದು ಮನೆಯಲ್ಲಿ ಮಗುವಿಗೆ ಭೇದಿ. ಓಆರ್‌ಎಸ್ ಪ್ಯಾಕೆಟ್ ಆಸ್ಪತ್ರೆಯಿಂದ ಕೊಟ್ಟಿದ್ದರು, ಅರ್ಥ ಆಯ್ತಾ ಅಂತಲೂ ಕೇಳಿದ್ದರಂತೆ. ನಾನು ಹೋದಾಗ "ಹೇಗೆ ಕಲಸುತ್ತೀರಿ, ನನಗೊಮ್ಮೆ ತೋರಿಸಿ" ಅಂದೆ. ಆ ಹುಡುಗಿ ಒಂದು ಸ್ಟೀಲ್ ಲೋಟ ತಂದು ನೀರು ಹಾಕಿ, ಪ್ಯಾಕೆಟ್ಟಿನಿಂದ ಒಂದು ಚಮಚ ತೆಗೆದು ಹಾಕಿದಳು. ಉಳಿದದ್ದನ್ನು ಮಡಚಿ ಡಬ್ಬದ ಮೇಲೆ ಇಟ್ಟಳು. ದೊಡ್ಡ ಪ್ಯಾಕೆಟ್ ಇಡೀ ಒಂದು ಲೀಟರಿಗೆ ಒಮ್ಮೆಲೇ ಹಾಕಬೇಕು, ಇಲ್ಲವಾದರೆ ಉಪ್ಪು ಸಕ್ಕರೆ ಹದ ತಪ್ಪುತ್ತದೆ. ನಾನು ಬೈಯಲಿಲ್ಲ. ನೀರು ಕುದಿಸಿ ಆರಿಸಿ ಇಟ್ಟಿದ್ದಳು, ಅದನ್ನು ಮೊದಲು ಮೆಚ್ಚಿದೆ. ಆಮೇಲೆ ಅವರದ್ದೇ ಒಂದು ಲೀಟರಿನ ಬಾಟಲಿ ತೊಳೆದು ಅವಳ ಕೈಯಲ್ಲೇ ಕಲಸಿಸಿದೆ. ನಿಮ್ಮ ಫಾರ್ಮಸಿಯವರನ್ನು ಟ್ರೈನಿಂಗಿಗೆ ಕರೆದದ್ದು ತುಂಬಾ ಒಳ್ಳೆಯದಾಯಿತು. ಈ ತೋರಿಸಿ ಅನ್ನುವ ಕೆಲಸ ಅವರ ಕಿಟಕಿಯಲ್ಲೇ ಆಗಬೇಕು.

ಭಾಷೆಗೆ ನಾನು ಮಾಡಿದ್ದು ಹೇಳುತ್ತೇನೆ. ಒಂದು ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಮಾತು ಬರೆದುಕೊಂಡೆ. ನೋವು, ಜ್ವರ, ವಾಂತಿ, ಭೇದಿ, ಉಸಿರು, ತುರಿಕೆ, ಹೆದರಿಕೆ ಇಂಥದ್ದು. ಪ್ರತಿ ಮನೆಯಲ್ಲಿ ನಿಮ್ಮಲ್ಲಿ ಇದಕ್ಕೆ ಎಂತ ಹೇಳುವುದು ಅಂತ ಕೇಳಿ ಬರೆದೆ. ತುಳುವಿನಲ್ಲಿ ಹೊಟ್ಟೆನೋವು ಬಂಜಿ ಬೇನೆ. ಮಲಯಾಳದಲ್ಲಿ ಪನಿ ಅಂದರೆ ಜ್ವರ. ಬೇನೆ ಅಂದರೆ ತುಳುವಿನಲ್ಲಿ ನೋವು, ಕನ್ನಡದವರಿಗೆ ಕೆಲವು ಸಲ ಕಾಯಿಲೆ. ಡಾಕ್ಟ್ರಿಗೆ ಏಳು ಭಾಷೆ ಕಲಿಯಿರಿ ಅಂದರೆ ಆಗುವ ಮಾತಲ್ಲ, ಇಪ್ಪತ್ತು ಮಾತು ಕಲಿಯಬಹುದು. ಮತ್ತೆ ಒಂದು ಕೋರಿಕೆ, ಅಣ್ಣನನ್ನೋ ಅಕ್ಕನನ್ನೋ ದುಬಾಷಿ ಮಾಡಿಸಬೇಡಿ. ಹತ್ತು ವರ್ಷದ ಹುಡುಗಿಯ ಬಾಯಲ್ಲಿ ತಮ್ಮನ ಕಾಯಿಲೆಯ ಸುದ್ದಿ ಅಮ್ಮನಿಗೆ ಹೇಳಿಸುವುದು ಸರಿ ಅಲ್ಲ ಅಲ್ವಾ.

---

ಮಂಜೇಶ್ವರ ಶಾಲೆ ಕೌನ್ಸೆಲರ್:

ಎರಡೇ ಮಾತು. ಹತ್ತು, ಹನ್ನೆರಡು ದಾಟಿದ ಮಕ್ಕಳ ಜೊತೆ ಸ್ವಲ್ಪ ಹೊತ್ತು ಅಪ್ಪ ಅಮ್ಮ ಇಲ್ಲದೆ ಮಾತಾಡುವುದನ್ನು ಅಭ್ಯಾಸ ಮಾಡಿಸಿ. ಎಂಟನೇ ಕ್ಲಾಸಿನ ಹುಡುಗಿ ತಲೆನೋವು ಅಂತ ನಾಲ್ಕು ಸಲ ಬಂದರೆ, ಅಮ್ಮ ಪಕ್ಕದಲ್ಲಿ ನಿಂತಿರುವಾಗ ಅವಳು ತಲೆನೋವು ಅಂತಲೇ ಹೇಳುವುದು. ಆದರೆ "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ 2012ರ ಪೋಕ್ಸೋ ಕಾನೂನಿನ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ನಿನಗೆ ಅಪಾಯ ಇದ್ದರೆ ಮಾತ್ರ ಸಹಾಯ ಮಾಡುವವರಿಗೆ ಹೇಳುತ್ತೇನೆ, ಹೇಳುವ ಮೊದಲು ನಿನಗೆ ತಿಳಿಸುತ್ತೇನೆ" ಅಂತ ಮೊದಲೇ ಹೇಳಿ. ಮಕ್ಕಳು ಅದನ್ನು ಒಪ್ಪುತ್ತಾರೆ, ಹೇಳಿದ ಹಾಗೆ ನಡೆದುಕೊಂಡರೆ.

ಇನ್ನೊಂದು, ಆ ಹುಡುಗನ ಶಾಲೆಗೆ ಯಾರಾದರೂ ಹೇಳಿದ್ದೀರಾ? ಮದ್ದು ಕೊಟ್ಟು ಕಳಿಸಿದರೆ ಬಾಗಿಲು ಹಾಗೇ ಇರುತ್ತದೆ.

---

ಬದಿಯಡ್ಕ ಸಿಸ್ಟರ್:

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಉತ್ತರ ಬರೆಯಲು ಹತ್ತು ದಿನ ಆಯ್ತು, ಮೊದಲ ಶನಿವಾರ ಮುಗಿಯಲಿ ಅಂತ ಕಾದೆ.

ಸರ್ ಹೇಳಿದ ಹಾಗೆ ನನ್ನ ತಪ್ಪಿನಿಂದಲೇ ಶುರು ಮಾಡಿದೆ. ಆಮೇಲೆ ನಾನು ಅಜ್ಜಿ, ಲ್ಯಾಬಿನ ಹುಡುಗಿ ಮೊಮ್ಮಗ. ಡಾಕ್ಟ್ರು ಅವರ ಕುರ್ಚಿಯಲ್ಲೇ ಕೂತರು. ನಾನು ತುಳುವಿನಲ್ಲಿ ಶುರು ಮಾಡಿದೆ. ರೆಕಾರ್ಡ್ ಹಾಕಿ ಕೇಳಿದಾಗ ಒಂಬತ್ತನೇ ಸೆಕೆಂಡಿನಲ್ಲಿ ಅವರ ಪ್ರಶ್ನೆ ಬಂದಿತ್ತು. ಮೊಮ್ಮಗನ ಕಡೆ ಒಮ್ಮೆಯೂ ತಿರುಗಿರಲಿಲ್ಲ. ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಡಾಕ್ಟ್ರು "ಇನ್ನೊಮ್ಮೆ ಹಾಕಿ ಸಿಸ್ಟರ್" ಅಂದರು. ಎರಡನೇ ಸಲ ಕೇಳುವಾಗ ಪೆನ್ನಿನ ಸದ್ದು ಕೂಡ ಕೇಳಿಸಿತು, ನಾನು ಮಾತಾಡುತ್ತಿರುವಾಗಲೇ ಅವರು ಬರೆಯುತ್ತಿದ್ದರು. ಆಮೇಲೆ ಪೆನ್ನು ಮೇಜಿನ ಆಚೆ ಬದಿಗೆ ಇಟ್ಟು ಇನ್ನೊಮ್ಮೆ ಮಾಡಿದೆವು. ಭಾಷೆ ಅರ್ಥ ಆಗದಿದ್ದರೂ ಒಂದು ನಿಮಿಷ ಸುಮ್ಮನೆ ನನ್ನ ಮುಖ ನೋಡಿದರು, ಆಮೇಲೆ ನಮ್ಮ ತುಳು ಬರುವ ಸಿಸ್ಟರನ್ನು ಕರೆದು "ಇವರು ಏನು ಹೇಳಿದರು, ಪೂರ್ತಿ ಹೇಳಿ" ಅಂದರು. ಆ ಒಂದು ನಿಮಿಷ ತುಂಬಾ ಕಷ್ಟ ಅಂತ ಅವರೇ ಹೇಳಿದರು. ನಾವೆಲ್ಲರೂ ಒಬ್ಬೊಬ್ಬರಾಗಿ ಮಾಡಿ ನೋಡಿದೆವು, ಎಲ್ಲರಿಗೂ ಕಷ್ಟವೇ. ನನಗೆ ಇಪ್ಪತ್ತು ಸೆಕೆಂಡಿಗೆ ಬಾಯಿ ತುರಿಸಿತು.

ನಾನು ಎಣಿಸದೇ ಇದ್ದ ಒಂದು ವಿಷಯ ಚೀಟಿ ಕೌಂಟರಿನ ಅಣ್ಣನಿಂದ ಬಂತು. ಮಕ್ಕಳು ಅವರ ಕಿಟಕಿಯ ಹತ್ತಿರ ಹೆಚ್ಚು ಮಾತಾಡುತ್ತಾರಂತೆ, ಬಿಳಿ ಕೋಟು ಇಲ್ಲ, ಇಂಜೆಕ್ಷನ್ ಇಲ್ಲ. "ಯಾರು ಬಂದದ್ದು ಆಸ್ಪತ್ರೆಗೆ, ನೀನಾ ಅಮ್ಮನಾ?" ಅಂತ ಕೇಳಿದರೆ ಸಾಕು, ಇಡೀ ಕಥೆ ಹೇಳುತ್ತಾರಂತೆ. ಇಷ್ಟು ವರ್ಷ ಅವರ ಹತ್ತಿರ ಯಾರೂ ಏನೂ ಕೇಳಿರಲಿಲ್ಲ. ಈಗ ಚೀಟಿಯ ಹಿಂದೆ ಮಗು ಹೇಳಿದ ಮಾತನ್ನು ಮಗುವಿನ ಮಾತಿನಲ್ಲೇ ಒಂದು ಸಾಲು ಬರೆದು ಕಳಿಸುತ್ತಾರೆ.

ಫೀಲ್ಡ್ ಸಿಸ್ಟರ್, ನಿಮ್ಮ ಇಪ್ಪತ್ತು ಮಾತನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಬೆಂಚಿನ ಎದುರು ಅಂಟಿಸಿದ್ದೇವೆ. ಖಾಲಿ ಇರುವ ಕಡೆ ತಾಯಂದಿರೇ ಪೆನ್ಸಿಲಿನಲ್ಲಿ ಬರೆಯುತ್ತಿದ್ದಾರೆ. ಎಣ್ಮಕಜೆಯ ಅಕ್ಕ, ಬರುವ ಶನಿವಾರ ಎರಡೂವರೆಗೆ ನೀವು ಬರಬೇಕು, ಮಗಳನ್ನೂ ಕರೆದುಕೊಂಡು ಬನ್ನಿ, ಗಾಡಿ ನಾವು ಕಳಿಸುತ್ತೇವೆ. ಮೊದಲ ಹದಿನೈದು ನಿಮಿಷ ನಿಮ್ಮದು. ಉಪ್ಪಳದ ಡಾಕ್ಟ್ರೇ, ನೀವೂ ಬನ್ನಿ, ಜನ ಸಾಲದು ಅಂತ ನೀವು ಹೇಳಿದ್ದನ್ನು ನಮ್ಮ ಡಾಕ್ಟ್ರು ಮ್ಯಾನೇಜ್‌ಮೆಂಟಿಗೆ ಬರೆಯುವ ಪತ್ರದಲ್ಲಿ ಸೇರಿಸುತ್ತಿದ್ದಾರೆ.

ಕೌನ್ಸೆಲರ್ ಟೀಚರ್ ಕೇಳಿದ್ದಕ್ಕೆ ಉತ್ತರ. ಆ ದಿನ ನಿಮ್ಮ ಮಾತು ಓದಿದ ಮೇಲೆ ಶಾಲೆಗೆ ಫೋನ್ ಮಾಡಿದೆ. ಹೆಡ್ ಮಾಸ್ಟ್ರು ಸಮಾಧಾನದಿಂದ ಕೇಳಿಸಿಕೊಂಡರು, ಎರಡೇ ದಿನದಲ್ಲಿ ಚಿಲಕ ಹಾಕಿಸಿದರು. ನಿನ್ನೆ ಅಜ್ಜಿ ಮೊಮ್ಮಗ ಮತ್ತೆ ತೋರಿಸಲು ಬಂದಿದ್ದರು. ಮಲ ಮೆತ್ತಗಾಗುವ ಮದ್ದು ನಡೆಯುತ್ತಿದೆ, ರಾತ್ರಿ ಊಟ ಆದ ಮೇಲೆ ಮನೆಯಲ್ಲಿ ಐದು ನಿಮಿಷ ಕೂರಿಸುತ್ತಾರೆ. ಡಾಕ್ಟ್ರು ಕುರ್ಚಿ ಎಳೆದು ಅವನ ಎದುರು ಕೂತು "ಬಂಜಿ ಬೇನೆ ಉಂಡಾ?" ಅಂತ ಕೇಳಿದರು. ಹುಡುಗ ಅಜ್ಜಿಯನ್ನು ನೋಡಿದ, ನನ್ನನ್ನು ನೋಡಿದ, ಇಲ್ಲ ಅಂದ. ಡಾಕ್ಟ್ರು ಮುಂದಿನ ಪ್ರಶ್ನೆ ಕೇಳಲಿಲ್ಲ. ಸುಮ್ಮನೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಹುಡುಗನೇ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ.

"ಚಿಲಕ ಹಾಕಿದ್ದಾರೆ. ಆದರೆ ಅದು ಮೇಲೆ ಉಂಟು, ನನಗೆ ಎಟುಕುವುದಿಲ್ಲ."

ಸೋಮವಾರ ಹೆಡ್ ಮಾಸ್ಟ್ರಿಗೆ ಇನ್ನೊಮ್ಮೆ ಫೋನ್ ಮಾಡುತ್ತೇನೆ.